ಬಾವಿಗೆ ತಕ್ಕ ಟಾರ್ಚು

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಒಂದು ಬೇಸಿಗೆಯಿಡೀ ನಡೆದದ್ದು ಒಂದೇ ಜಗಳ. ಹಿತ್ತಿಲ ಬಾವಿಯಲ್ಲಿ ನೀರು ಇದೆಯೋ, ಇಲ್ಲವೋ? ಇದೆ ಎನ್ನುವವಳು ಅಮ್ಮ, ಇಲ್ಲ ಎನ್ನುವವರು ಚಿಕ್ಕಪ್ಪ. ಇಬ್ಬರ ನಡುವೆ ಸಿಕ್ಕಿಕೊಂಡು ಟಾರ್ಚು ಹುಡುಕುತ್ತಾ ಅಲೆದವಳು ನಾನು.

ಆ ಬಾವಿಯ ನೀರಿನಲ್ಲಿ ಅಮ್ಮ ಸೊಪ್ಪು ಬೆಳೆಯುತ್ತಿದ್ದಳು. ಕೊತ್ತಂಬರಿ, ದಂಟು, ಸಬ್ಬಸಿಗೆ, ಗೋಡೆಯ ಬದಿಗೆ ಪುದೀನ. ಅಪ್ಪ ಇದ್ದಾಗ ಮಾರುಕಟ್ಟೆಯಲ್ಲಿ ನಮ್ಮದೊಂದು ತರಕಾರಿ ಅಂಗಡಿಯಿತ್ತು, ಕಟ್ಟು ಕಟ್ಟಿದ ಸೊಪ್ಪು ಅಪ್ಪನ ಜೊತೆಗೇ ಅಲ್ಲಿಗೆ ಹೋಗುತ್ತಿತ್ತು. ಅಪ್ಪ ಹೋದ ಮೇಲೆ ಅಂಗಡಿಯೂ ಹೋಯಿತು, ಸೊಪ್ಪು ಮಾತ್ರ ಉಳಿಯಿತು. ಬೀದಿಯವರು ಬೆಳಿಗ್ಗೆ ಗೇಟಿನ ಹತ್ತಿರವೇ ಬಂದು ಕೊಂಡುಹೋಗುತ್ತಿದ್ದರು. ಮನೆ ನಡೆಸುವುದಕ್ಕೆ ನನ್ನ ಸಂಬಳ ಇತ್ತು ನಿಜ. ಆದರೆ ಅಮ್ಮ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ, ನಾಲ್ಕು ಜನರ ಜೊತೆ ಮಾತಾಡುವುದಕ್ಕೆ ಒಂದು ನೆಪ, ತನ್ನದು ಅಂತ ಹೇಳಿಕೊಳ್ಳುವುದಕ್ಕೆ ಒಂದು ಕೆಲಸ, ಎಲ್ಲ ಆ ಸೊಪ್ಪಿನಲ್ಲೇ ಇತ್ತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ನೀರು ಅಡುಗೆಗೆ, ಸ್ನಾನಕ್ಕೆ ಸಾಕಾದರೆ ಅದೇ ಪುಣ್ಯ. ಬಾವಿ ಹೋದರೆ ಅಮ್ಮನಿಗೆ ಏನೂ ಉಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆ ಬೇಸಿಗೆಯಲ್ಲಿ ಮೋಟಾರು ನೀರಿನ ಬದಲು ಗಾಳಿ ಎಳೆಯತೊಡಗಿತು. ಹಿತ್ತಿಲು ಚಿಕ್ಕಪ್ಪನ ಪಾಲಿಗೆ ಬಂದ ಜಾಗ. ಬಾವಿ ಮುಚ್ಚಿ, ಮೇಲೆ ಬಾಡಿಗೆಗೆ ಮನೆ ಕಟ್ಟಿಸಬೇಕೆಂದು ಅವರು ಬಹಳ ದಿನದಿಂದ ಲೆಕ್ಕ ಹಾಕಿದ್ದರು. ಕೆಟ್ಟವರೇನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಬಾಯಿತುಂಬ ಬೈದು ನಾನಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

"ನೀರಿದ್ರೆ ನಾನ್ ಮುಚ್ಚಲ್ಲ ಅತ್ತಿಗೆ," ಎಂದರು ಅಮ್ಮನಿಗೆ. "ಇನ್ನೊಂದು ಪೈಪ್ ಜೋಡಿಸಿ ನಾನೇ ಕೆಳಗೆ ಇಳಿಸಿ ಕೊಡ್ತೀನಿ. ಆದ್ರೆ ನೀರ್ ತೋರ್ಸಿ."

ತೋರಿಸುವುದು ಹೇಗೆ? ಬಾವಿಯ ಗೋಡೆಯ ಸಂದಿನಲ್ಲಿ, ಅರ್ಧ ಆಳದಲ್ಲಿ, ಒಂದು ಅರಳಿ ಗಿಡ ಹುಟ್ಟಿಕೊಂಡು ಅಡ್ಡಡ್ಡ ಬೆಳೆದಿತ್ತು. ಅರಳಿಗೆ ಕತ್ತಿ ಹಾಕಲು ನಮ್ಮ ಬೀದಿಯಲ್ಲಿ ಯಾರೂ ತಯಾರಿರಲಿಲ್ಲ, ಅಮ್ಮನಂತೂ ಆ ಮಾತೆತ್ತಿದರೇ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಬಿಂದಿಗೆ ಇಳಿಬಿಟ್ಟರೆ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಮಧ್ಯಾಹ್ನದ ಬಿಸಿಲನ್ನು ಎಲೆಗಳೇ ಕುಡಿದುಬಿಡುತ್ತಿದ್ದವು. ಎಲೆಗಳ ನಡುವೆ ಅಂಗೈಯಗಲದ ಒಂದು ಕಿಂಡಿ ಇತ್ತು. ಅದರಲ್ಲಿ ಬೆಳಕು ತೂರಿಸಿ ನೋಡುವುದೊಂದೇ ದಾರಿ.

ಮನೆಯಲ್ಲಿದ್ದದ್ದು ಮೂರು ಸೆಲ್ಲಿನ ಹಳೆಯ ಸ್ಟೀಲು ಟಾರ್ಚು. ತೊಂಬತ್ತರ ದಶಕದಲ್ಲಿ ಕರೆಂಟು ಹೋದಾಗಲೆಲ್ಲ ನಮ್ಮನ್ನು ಕಾಪಾಡಿದ್ದೇ ಅದು. ಬಾವಿಯಲ್ಲಿ ಮಾತ್ರ ಅದರ ಹಳದಿ ಬೆಳಕು ಅರಳಿ ಎಲೆಯ ತನಕ ಹೋಗಿ ಸುಸ್ತಾಗಿ ನಿಲ್ಲುತ್ತಿತ್ತು. ಚಿಕ್ಕಪ್ಪ ಫುಟ್‌ಪಾತಿನಲ್ಲಿ ಸಿಗುವ, ಚಾರ್ಜು ಮಾಡುವ ಪ್ಲಾಸ್ಟಿಕ್ ಟಾರ್ಚು ತಂದರು. ಒಳಗೆ ಪುಟಾಣಿ ಎಲ್‌ಇಡಿಗಳು ದಾಳಿಂಬೆ ಕಾಳಿನ ಹಾಗೆ ಒತ್ತೊತ್ತಾಗಿ ಕೂತಿದ್ದವು. ಹಾಕಿದರೆ ಕಣ್ಣು ಕುಕ್ಕುವಷ್ಟು ಬಿಳಿ ಬೆಳಕು. ಆದರೆ ಅದೆಲ್ಲ ಅಗಲಕ್ಕೆ ಹರಡಿ, ಎಲೆಗಳಿಗೆ ಬಡಿದು, ತಿರುಗಿ ನಮ್ಮ ಮುಖಕ್ಕೇ ಬರುತ್ತಿತ್ತು. ಅವರು ಬಗ್ಗಿ ನೋಡಿ, ಏನೂ ಕಾಣುವುದಿಲ್ಲ ಎಂದು ಕೈ ಝಾಡಿಸಿಕೊಂಡು ಹೋದರು.

ಅಮ್ಮ ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಎದುರುಮನೆಯವರ ಟಾರ್ಚು, ಇಸ್ತ್ರಿಯವನ ಟಾರ್ಚು, ಬೀದಿ ಕಾಯುವವನ ಟಾರ್ಚು, ಎಲ್ಲವೂ ನಮ್ಮ ಬಾವಿಕಟ್ಟೆಯ ಮೇಲೆ ಪರೀಕ್ಷೆ ಬರೆದು ಫೇಲಾದವು. ಸೊಪ್ಪು ಕೊಳ್ಳಲು ಬಂದವರನ್ನೂ ಬಿಡದೆ ನಿಮ್ಮ ಮನೆಯಲ್ಲಿ ಯಾವ ಟಾರ್ಚಿದೆ ಎಂದು ವಿಚಾರಿಸುತ್ತಿದ್ದಳು. ನನಗೋ ನಾಚಿಕೆ, ಸಿಟ್ಟು.

ಕೊನೆಗೆ ಯಾರದೋ ಸಾಧಾರಣ ಟಾರ್ಚಿನಲ್ಲಿ, ಒಂದು ಬೆಳಿಗ್ಗೆ, ಕಿಂಡಿಯಾಚೆ ಬೆಳ್ಳಗೆ ಏನೋ ಮಿನುಗಿತು. ಅಮ್ಮ ನನ್ನನ್ನು ಕೂಗಿ ಕರೆದಳು.

"ನೋಡು, ಅಲ್ಲಾಡ್ತಿದೆ. ನೀರಲ್ದೆ ಇನ್ನೇನು ಅಲ್ಲಾಡುತ್ತೆ?"

ನಾನೂ ನೋಡಿದೆ. ನಿಜವಾಗಿಯೂ ಅಲ್ಲಾಡುತ್ತಿತ್ತು. ಮೈ ಜುಮ್ಮೆಂದಿತು. ಚಿಕ್ಕಪ್ಪನನ್ನು ಕರೆದು ತೋರಿಸಿದೆವು. ಏನೋ ಇದೆ ಎಂದು ಅವರೂ ಒಪ್ಪಿದರು. ಆದರೆ ಈ ಮಬ್ಬಿನಲ್ಲಿ ನೀರು ಎಂದು ಹೇಗೆ ಹೇಳುವುದು, ಜೋರಾದ ಟಾರ್ಚು ತನ್ನಿ, ಸರಿಯಾಗಿ ಕಂಡರೆ ಇನ್ನು ಮಾತೆತ್ತುವುದಿಲ್ಲ ಎಂದರು. ನ್ಯಾಯವಾದ ಮಾತೇ.

ಮರುದಿನ ಕೆಲಸಕ್ಕೆ ಅರ್ಧ ದಿನ ರಜ ಹಾಕಿ ಕಾಟನ್‌ಪೇಟೆಗೆ ಹೋದೆ. ಅಂಗಡಿಯಾತ ಮೂರು ಟಾರ್ಚು ತೆಗೆದಿಟ್ಟು, ಒಂದೊಂದನ್ನೂ ಚಾವಣಿಗೆ ಹಿಡಿದು, ಇದು ಜಾಸ್ತಿ ಬೆಳಕು, ಇದು ಇನ್ನೂ ಜಾಸ್ತಿ ಎಂದು ಹೊಗಳತೊಡಗಿದ. ಬಾವಿಯೊಳಗೆ ನೋಡುವುದಕ್ಕೆ ಎಂದೆ. ಈಗಲೂ ಬಾವಿ ಇಟ್ಟುಕೊಂಡಿದ್ದೀರಾ ಎಂದು ನಕ್ಕ. ನಗಲಿ. ನಾನು ಆ ಹೊತ್ತಿಗೆ ಟಾರ್ಚಿನ ವಿಷಯದಲ್ಲಿ ಪಂಡಿತೆಯಾಗಿದ್ದೆ. ಎಷ್ಟು ಬೆಳಕು ಅನ್ನುವುದು ಬೇಡ, ಎಷ್ಟು ದೂರ ನೆಟ್ಟಗೆ ಹೋಗುತ್ತದೆ ತೋರಿಸಿ ಎಂದು ಹಟ ಹಿಡಿದೆ. ಗೋದಾಮಿನ ಕತ್ತಲಿಗೆ ಕರೆದುಕೊಂಡು ಹೋದ. ಮೊದಲನೆಯದು ಇಡೀ ಗೋದಾಮನ್ನೇ ಬೆಳಗಿತು, ಆದರೆ ದೂರದ ಗೋಡೆ ಮಂಕು. ಎರಡನೆಯದಕ್ಕೆ ಮುಂದಿನ ಗಾಜು ಎಳೆದು ತಳ್ಳುವ ಅನುಕೂಲವಿತ್ತು, ಆದರೆ ಬೆಳಕಿನ ನಡುವೆ ಒಂದು ಕಪ್ಪು ಮಚ್ಚೆ. ಮೂರನೆಯದು ಕಪ್ಪು ಅಲ್ಯೂಮಿನಿಯಂನದು, ಕೈಗೆ ಭಾರ, ಆಳವಾದ ಬಟ್ಟಲಿನ ತಳದಲ್ಲಿ ಒಂದೇ ಒಂದು ಎಲ್‌ಇಡಿ. ಗೋದಾಮಿನ ಆ ತುದಿಯ ಮೂಟೆಯ ಮೇಲೆ ರೊಟ್ಟಿಯಗಲದ ಬೆಳಕು ಬಿತ್ತು, ಮೂಟೆಯ ಹೊಲಿಗೆ ಕೂಡ ಕಾಣಿಸಿತು. ಅದನ್ನೇ ಕೊಂಡೆ. ದಾರಿಯುದ್ದಕ್ಕೂ ಗೆದ್ದೇಬಿಟ್ಟೆವು ಎಂದುಕೊಂಡು ನಡೆದೆ.

ಅಮ್ಮ ಬಾವಿಗೆ ಕೈ ಮುಗಿದಳು. ಚಿಕ್ಕಪ್ಪನನ್ನು ಆಮೇಲೆ ಕರೆಯೋಣ, ಮೊದಲು ನಾವು ಕಣ್ತುಂಬ ನೋಡೋಣ ಎಂದಳು. ನಾನು ಕಟ್ಟೆಯ ಮೇಲೆ ಮೊಣಕೈ ಊರಿ, ಕಿಂಡಿಗೆ ಗುರಿಯಿಟ್ಟು ಟಾರ್ಚು ಹಾಕಿದೆ.

ಬಿಳಿ ಪ್ಲಾಸ್ಟಿಕ್ ಕವರು. ಯಾವುದೋ ಬಟ್ಟೆ ಅಂಗಡಿಯದು. ಅದರ ಮೇಲಿನ ಅಕ್ಷರಗಳನ್ನು ಬೇಕಾದರೆ ಓದಬಹುದಿತ್ತು. ಒಂದು ಅಂಚು ಗಾಳಿಗೆ ಸಣ್ಣಗೆ ಏಳುತ್ತ, ಬೀಳುತ್ತ ಇತ್ತು. ಸುತ್ತ ಬಿರುಕು ಬಿಟ್ಟ ಕೆಸರು.

ನಾನು ಕೈ ಓರೆ ಮಾಡಿ, ಈ ಬದಿ ಆ ಬದಿ ತಿರುಗಿಸಿದೆ. ಬೇರು, ಒಡೆದ ಹೆಂಚು, ಮತ್ತೆ ಬಿರುಕು. ಟಾರ್ಚು ಬಹಳ ಒಳ್ಳೆಯದು, ಒಂದನ್ನೂ ಮುಚ್ಚಿಡಲಿಲ್ಲ. ಅದನ್ನು ಎತ್ತಿ ಅಲ್ಲೇ ಎಸೆದುಬಿಡುವಷ್ಟು ಸಿಟ್ಟು ಬಂತು ನನಗೆ. ಚಿಕ್ಕಪ್ಪನಿಗೆ ಈಗಲೇ ಹೇಳುವುದು ಬೇಡ, ಮಳೆ ಬರಲಿ, ನೋಡೋಣ ಎಂದೆ. ಅಮ್ಮ ಒಪ್ಪದೆ ತಲೆಯಾಡಿಸಿದಳು. ತಾನೇ ಹೋಗಿ ಅವರ ಬಾಗಿಲಲ್ಲಿ ನಿಂತು, "ಮುಚ್ಚಿಸ್ಬಿಡಪ್ಪ," ಎಂದಳು. ಚಿಕ್ಕಪ್ಪ ಮುಖ ಎತ್ತಲಿಲ್ಲ.

ಒಣಗುತ್ತಿದ್ದ ಸೊಪ್ಪನ್ನೆಲ್ಲ ಬೇರುಸಮೇತ ಕಿತ್ತು, ಆಯ್ದು, ಕಟ್ಟು ಕಟ್ಟಿ ಬೀದಿಯವರಿಗೆ ಸುಮ್ಮನೆ ಹಂಚಿದಳು. ಆಮೇಲೆ ಎರಡು ದಿನ ಮಲಗಿಯೇ ಇದ್ದಳು. ಅಮ್ಮ ಹಗಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಚ್ಚುವ ದಿನ ಹೊರಗೆ ಬರುವುದಿಲ್ಲ ಎಂದಿದ್ದಳು. ಕೆಲಸದವರು ಮೊದಲ ಬಾಂಡ್ಲಿ ಕಲ್ಲುಮಣ್ಣು ಎತ್ತಿ ಕಟ್ಟೆಯ ಮೇಲಿಟ್ಟಾಗ ನೋಡಿದರೆ ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ಮಾತಾಡುತ್ತಿದ್ದವರಿಗೆಲ್ಲ ಸುಮ್ಮನಿರಿ ಎಂದು ಕೈ ಎತ್ತಿದಳು. ಬಾಂಡ್ಲಿ ಬಗ್ಗಿತು. ಕಲ್ಲುಗಳು ಅರಳಿ ಎಲೆಗಳನ್ನು ಹರಿದುಕೊಂಡು ಹೋದದ್ದು ಕೇಳಿಸಿತು. ಆಮೇಲೆ ಒಣ ನೆಲಕ್ಕೆ ಬಿದ್ದ ಸದ್ದು.

ಅಮ್ಮ ಎತ್ತಿದ ಕೈ ಇಳಿಸಲಿಲ್ಲ. ಇನ್ನೂ ಏನೋ ಕೇಳಿಸಬೇಕು ಎನ್ನುವಂತೆ ತಲೆ ಓರೆ ಮಾಡಿ ನಿಂತೇ ಇದ್ದಳು. ಕೆಲಸದವರು ಎರಡನೇ ಬಾಂಡ್ಲಿ ಹಿಡಿದು ಅವಳ ಮುಖ ನೋಡುತ್ತ ಕಾದರು.

"ಹೂಂ, ಹಾಕಿ," ಎಂದಳು.