ಡ್ರೈವರ್ ಇಲ್ಲದ ಲ್ಯಾಪ್‌ಟಾಪು

ನನಗೊಂದು ಕೆಟ್ಟ ಚಾಳಿಯಿದೆ: ಚೆನ್ನಾಗಿ ನಡೆಯುತ್ತಿರುವುದನ್ನು ಬಿಚ್ಚಿ ನೋಡುವುದು. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಬಿಚ್ಚಲು ಉಳಿದದ್ದು ಹಳೇ ಲ್ಯಾಪ್‌ಟಾಪ್ ಒಂದೇ. ಅದರಲ್ಲಿದ್ದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದೆ. ಪುಕ್ಕಟೆ ಸಿಗುತ್ತದೆ, ಮುದಿ ಯಂತ್ರವೂ ಓಡುತ್ತದೆ ಎಂದು ಬೀದಿಗೆಲ್ಲ ಕೊಚ್ಚಿಕೊಂಡೆ. ಯಂತ್ರವೇನೋ ಓಡಿತು, ವೈಫೈ ಮಾತ್ರ ಮಾಯ.

ಅವತ್ತೇ ಮೂರು ಗಂಟೆಗೆ ಎದುರುಮನೆ ಭಾಗ್ಯಳಿಗೆ ಇದೇ ಲ್ಯಾಪ್‌ಟಾಪಿನಲ್ಲಿ ಸಂದರ್ಶನ. ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸ. ಕ್ಯಾಮೆರಾದಲ್ಲಿ ಕಂಪನಿಯವರ ಕಣ್ಣೆದುರೇ ಟೈಪ್ ಮಾಡಿ ತೋರಿಸಬೇಕು, ಫೋನಿನಲ್ಲಿ ನಡೆಯದು. ಹುಡುಗಿ ಹನ್ನೊಂದಕ್ಕೇ ತಲೆ ಬಾಚಿಕೊಂಡು ಬಂದು ಕೂತಿದ್ದಳು. ಅವಳ ಮುಖ ನೋಡಲಾರದೆ ನಾನು ಪರದೆಯನ್ನೇ ನೋಡುತ್ತಿದ್ದೆ. ವೈಫೈ ಹಿಡಿಯುವ ಕಾರ್ಡು ಒಳಗಿದೆ ಎಂದು ತೋರಿಸುತ್ತಿತ್ತು, ಆದರೆ ಅದು ಮಿಸುಕುತ್ತಿರಲಿಲ್ಲ.

ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಕಾರ್ಡು ಎಂದರೆ ಮಗ್ಗದ ಮೇಲೆ ತೂಗುವ ತೂತಿನ ರಟ್ಟು. ಯಾವ ಎಳೆ ಏಳಬೇಕೆಂದು ಆ ತೂತುಗಳೇ ಹೇಳುತ್ತವೆ. ಕಂಪ್ಯೂಟರಿಗೂ ಮೊದಮೊದಲು ಪಾಠ ಹೇಳಿದ್ದು ಅಂಥ ರಟ್ಟುಗಳೇ ಅಂತೆ. ಆ ಹಳೇ ನೆಂಟಸ್ತಿಕೆಯ ದಾಕ್ಷಿಣ್ಯವಾದರೂ ಬೇಡವೇ ಇದಕ್ಕೆ!

ಅಷ್ಟರಲ್ಲಿ ಭಾಗ್ಯಳ ಅಪ್ಪ ತಿಪ್ಪೇಸ್ವಾಮಿ ಬಂದ. ಚಳ್ಳಕೆರೆ ಬಸ್ಸಿನ ಡ್ರೈವರ್, ನನ್ನ ಕೈಯಲ್ಲೇ ಲೆಕ್ಕದಲ್ಲಿ ಫೇಲಾದ ಶಿಷ್ಯ. ಎರಡಕ್ಕೆ ಡ್ಯೂಟಿ, ಖಾಕಿ ಹಾಕಿಕೊಂಡೇ ಬಂದಿದ್ದ.

"ಏನಾತ್ರಿ ಮೇಷ್ಟ್ರೇ?"

"ಕಾರ್ಡ್ ಐತೆ, ಡ್ರೈವರ್ ಇಲ್ಲಪ್ಪ."

"ನಾನಿಲ್ವೇನ್ರಿ!"

ಬೆಳಗಿನಿಂದ ಮೊದಲ ಸಲ ಭಾಗ್ಯ ನಕ್ಕಳು. ಕಾರ್ಡನ್ನು ಓಡಿಸುವ ಪ್ರೋಗ್ರಾಮಿಗೂ ಡ್ರೈವರ್ ಅನ್ನುತ್ತಾರೆ, ಅದು ಇಂಟರ್ನೆಟ್ಟಿನಿಂದ ಬರಬೇಕು, ಇಂಟರ್ನೆಟ್ ಬರಬೇಕಾದರೆ ಅದೇ ಇರಬೇಕು ಎಂದು ವಿವರಿಸಿದೆ.

"ಅದರಾಗೇನೈತ್ರಿ? ರಾಂಪುರದಾಗೆ ನಮ್ ಬಸ್ಸಿಗೆ ಡ್ರೈವರ್ ಇಲ್ಲಾಂದ್ರೆ, ಇನ್ನೊಬ್ಬ ಬೇರೆ ಬಸ್ ಹತ್ಕಂಡ್ ಬರ್ತಾನೆ. ನಿಂತಿರೋ ಬಸ್ನಾಗೇ ಬರ್ತೀನಿ ಅಂದ್ರೆ ಆಗ್ತೈತಾ?"

ಬೇರೆ ಬಸ್ಸು! ನನ್ನದು ಬಟನ್ ಫೋನು, ಭಾಗ್ಯಳಿಗೆ ಸ್ವಂತ ಫೋನಿಲ್ಲ. ತಿಪ್ಪೇಸ್ವಾಮಿಯ ಫೋನು ಕಿತ್ತುಕೊಂಡು ಚಾರ್ಜರಿನ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದೆ. ಆ ಫೋನಿನ ಇಂಟರ್ನೆಟ್ ಹತ್ತಿಕೊಂಡು ಡ್ರೈವರ್ ಬಂದಿಳಿಯಿತು. ವೈಫೈ ಜೀವ ಪಡೆದಾಗ ಎರಡಾಗಲು ಹತ್ತು ನಿಮಿಷವಿತ್ತು. ತಿಪ್ಪೇಸ್ವಾಮಿ ಫೋನು ಜೇಬಿಗಿಟ್ಟುಕೊಂಡು ಡ್ಯೂಟಿಗೆ ಓಡಿದ. ನನಗೆ ಅವನ ಹಳೇ ಮಾರ್ಕ್ಸ್ ಕಾರ್ಡು ತಿದ್ದಿಬಿಡೋಣ ಅನಿಸಿತು.

ಸಂದರ್ಶನದ ಕೊನೆಗೆ ಕಂಪನಿಯವರು ಕೇಳಿದರು, ಕಂಪ್ಯೂಟರ್ ಕೈಕೊಟ್ಟರೆ ಹತ್ತಿರದಲ್ಲಿ ತಿಳಿದವರು ಯಾರಿದ್ದಾರೆ ಎಂದು. ಕ್ಯಾಮೆರಾಗೆ ಕಾಣದಂತೆ ಮೂಲೆಯಲ್ಲಿ ಕೂತಿದ್ದ ನಾನು ಶರ್ಟಿನ ಕಾಲರ್ ಸರಿಮಾಡಿಕೊಂಡೆ.

"ನಮ್ಮಪ್ಪ ಅದಾರ್ರಿ," ಎಂದಳು ಭಾಗ್ಯ.

ಕೆಲಸ ಸಿಕ್ಕಿತು. ನನಗೇನೂ ಬೇಜಾರಿಲ್ಲ. ಈಗ ಏನನ್ನು ಬಿಚ್ಚುವುದಿದ್ದರೂ ತಿಪ್ಪೇಸ್ವಾಮಿಯ ಡ್ಯೂಟಿ ಎಷ್ಟಕ್ಕೆ ಎಂದು ಮೊದಲೇ ವಿಚಾರಿಸಿಕೊಳ್ಳುತ್ತೇನೆ.