ಒಂದೇ ಕುರ್ಚಿಯ ಕೋಣೆ

ದುಬಾರಿಯಾದ ಮಾತ್ರಕ್ಕೆ ಆಡಿಯೋ ಸೆಟ್ ಹೈ-ಎಂಡ್ ಆಗುವುದಿಲ್ಲವಂತೆ. ಜೋರಾಗಿ ಕೇಳಿಸಿದರೂ ಅಲ್ಲವಂತೆ. ಕಣ್ಣು ಮುಚ್ಚಿ ಕೂತರೆ ಹಾಡುವವರು ಎರಡು ಸ್ಪೀಕರುಗಳ ನಡುವೆ ಬಂದು ನಿಲ್ಲಬೇಕು, ಅವರು ಉಸಿರೆಳೆದುಕೊಳ್ಳುವುದೂ ಕೇಳಬೇಕು, ಆಗ ಅದು ಹೈ-ಎಂಡ್. ಗಲ್ಫ್ ಬಿಟ್ಟು ಊರಿಗೆ ಮರಳಿದ ನನ್ನ ಗಂಡ ಬಂದವರಿಗೆಲ್ಲ ಇದನ್ನು ಹೇಳುತ್ತಾರೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

ತೋಡಾರಿನ ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಕೋಣೆ ಇದೆ. ಗೋಡೆಗೆ ಮೆತ್ತೆ, ಕಿಟಕಿಗೆ ದಪ್ಪ ಪರದೆ, ನಡುವೆ ಒಂದೇ ಒಂದು ಕುರ್ಚಿ. ಸ್ವರ ಸರಿಯಾಗಿ ಕೂಡುವುದು ಅಲ್ಲಿ ಮಾತ್ರವಂತೆ. ಉಳಿದವರು ಸರದಿ ಕಾಯಬೇಕು. ಗಂಡ ಕೇಳಲು ಕೂತರೆಂದರೆ ಫ್ಯಾನ್ ಬಂದ್, ಕುಕ್ಕರ್ ಬಂದ್.

"ಫ್ರಿಜ್ಜಿನ ಶಬ್ದ ಇಲ್ಲಿವರೆಗೆ ಬರ್ತದೆ ಮಾರಾಯ್ತಿ, ಆಫ್ ಮಾಡು."

ಒಮ್ಮೆ ಅವರೇ ಆಫ್ ಮಾಡಿ ಮತ್ತೆ ಹಾಕಲು ಮರೆತು ಬಂಗುಡೆ ಮೀನೆಲ್ಲ ಹಾಳಾಯಿತು. ಮರೆತದ್ದು ಅವರು, ಬೈಗುಳ ನನಗೆ.

ಅವರು ಗಲ್ಫ್‌ನಲ್ಲಿದ್ದಾಗ ನಾನು ಮಹಿಳೆಯರ ತಾಳಮದ್ದಳೆ ತಂಡ ಸೇರಿದ್ದೆ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಕೂತಲ್ಲೇ ಪಾತ್ರವಾಗಿ ಅದರ ಅರ್ಥ ಹೇಳಬೇಕು. ಆ ಮಾತನ್ನು ಯಾರೂ ಬರೆದುಕೊಡುವುದಿಲ್ಲ, ಆ ಹೊತ್ತಿಗೆ ಬಾಯಿಗೆ ಬಂದದ್ದೇ ಬಂತು. ಕಳೆದ ಸಲ ಮಿಜಾರಿನಲ್ಲಿ ನನ್ನದು ಗಂಡನಿಗೆ ಬುದ್ಧಿ ಹೇಳುವ ರಾಣಿಯ ಪಾತ್ರ. ಏನಾಯಿತೋ, ಮನೆಯಲ್ಲಿ ಎಂದೂ ಬಾಯಿಬಿಟ್ಟು ಹೇಳದ್ದನ್ನೆಲ್ಲ ಆ ರಾಜನಿಗೆ ಹೇಳಿಬಿಟ್ಟೆ. ನೀವು ದೂರವಿದ್ದಾಗ ಕಾದೆ, ಹತ್ತಿರ ಬಂದ ಮೇಲೂ ಕಾಯುತ್ತಲೇ ಇದ್ದೇನೆ ಎಂದೆ. ನನ್ನ ಗಂಡ ಬಂದಿರಲಿಲ್ಲ; ಸಭಾಭವನದ ಮೈಕು ಅವರ ಕಿವಿಗೆ ಆಗುವುದಿಲ್ಲವಂತೆ.

ತಂಡದ ಗೆಳತಿಯೊಬ್ಬಳು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದಳು. ಇವರು ಒಮ್ಮೆ ಆ ಕುರ್ಚಿಯಲ್ಲಿ ಕೂತು ಅದನ್ನು ಕೇಳಲಿ, ನನ್ನ ಆಸೆ ಅಷ್ಟೇ. ಕೇಳಿಕೊಂಡಾಗಲೆಲ್ಲ "ನಾಳೆ ಕೇಳುವ" ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಬಂಟ್ವಾಳದಿಂದ ಅವರ ಗಲ್ಫ್ ದಿನಗಳ ಗೆಳೆಯ, ಒಬ್ಬರು ಬ್ಯಾರಿ ಮುಸ್ಲಿಮರು, ಮನೆಗೆ ಬಂದರು.

"ಅಕ್ಕ, ನಿಮ್ಮ ಅರ್ಥ ಭಾರೀ ಲಾಯ್ಕ ಆಗಿತ್ತಂತೆ. ರೆಕಾರ್ಡ್ ಉಂಟಂತಲ್ಲ, ಇವತ್ತು ಅದನ್ನೇ ಹಾಕುವ," ಎಂದರು.

ಗೆಳೆಯನ ಮಾತು ತೆಗೆದುಹಾಕಲಾಗದೆ ಇವರು ಹಾಕಿದರು, ಕುರ್ಚಿಯಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತೆ. ಚೆಂಡೆ ಬಡಿಯಿತು, ಪದ್ಯ ಮುಗಿಯಿತು, ನನ್ನ ಸ್ವರ "ಸ್ವಾಮೀ" ಎಂದಿತು. ಇವರು ನಿಲ್ಲಿಸಿದರು.

"ಕೇಳ್ಲಿಕ್ಕೆ ಆಗುದಿಲ್ಲ ಮಾರಾಯ. ಚೆಂಡೆಯ ಶಬ್ದ ಒಡೀತದೆ. ಸ್ವರ ಡಬ್ಬದ ಒಳಗಿಂದ ಬಂದ ಹಾಗೆ ಉಂಟು."

"ಮಾತು ಕೇಳುವ ಅಲ್ವಾ?" ಎಂದರು ಗೆಳೆಯ.

"ರೆಕಾರ್ಡಿಂಗೇ ಸರಿ ಇಲ್ಲದ ಮೇಲೆ ಮಾತು ಎಂತ ಕೇಳುದು?"

ಗೆಳೆಯ ನನ್ನ ಮುಖ ನೋಡಲಿಲ್ಲ. ಇವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಯಾವುದೋ ದೇಶದ ಸಂಗೀತ ಕಛೇರಿಯ ರೆಕಾರ್ಡು ಹಾಕಿ, ಬೆರಳೆತ್ತಿ ಕಾದರು.

"ಈಗ ಕೇಳು. ಹಿಂದೆ, ಎಡಗಡೆ, ಸಭೆಯಲ್ಲಿ ಒಬ್ಬ ಕೆಮ್ಮಿದ. ಗೊತ್ತಾಯ್ತಾ?"

ಗೆಳೆಯನಿಗೆ ಗೊತ್ತಾಗಲಿಲ್ಲ. ಇವರು ನನ್ನ ಕಡೆ ತಿರುಗಿದರು.

"ಫ್ರಿಜ್ ಆನ್ ಉಂಟಲ್ಲಾ? ಆಫ್ ಮಾಡು. ಇವನಿಗೆ ಇನ್ನೊಮ್ಮೆ ಕೇಳಿಸ್ತೇನೆ."

ಹೋಗಿ ಆಫ್ ಮಾಡಿದೆ. ನನ್ನ ಸ್ವರ ಹಾಕಿದಾಗ ಅವರು ಫ್ರಿಜ್ ಆಫ್ ಮಾಡಲು ಹೇಳಿಯೇ ಇರಲಿಲ್ಲ.