ಮೊನ್ನೆ ಬಂದ ಮಾವ

ಬೆಳಿಗ್ಗೆ ಬಾಲ್ಕನಿಯಲ್ಲಿ ಪಾರಿವಾಳವೊಂದು ಗುಟುರು ಹಾಕುತ್ತಿತ್ತು. ನಾಸಿಕದ ನಮ್ಮ ಹಳೇ ವಾಡೆ ಮನೆ ನೆನಪಾಯಿತು.

ಅಪ್ಪನ ಹೋಟೆಲು ಅಲ್ಲಿತ್ತು. ನನ್ನನ್ನು ಕರೆದುಕೊಂಡು ಉಡುಪಿಯಿಂದ ಆಗಷ್ಟೇ ಬಂದಿದ್ದ ಅಮ್ಮ, ಪಕ್ಕದ ಮನೆಯ ಕಾಕುವಿನಿಂದ ದಿನಕ್ಕೆರಡು ಮರಾಠಿ ಪದ ಕಲಿಯುತ್ತಿದ್ದಳು. 'ಆಲಾ' ಅಂದರೆ ಬಂದ, 'ಪರವಾ' ಅಂದರೆ ಮೊನ್ನೆ ಎಂಬುದು ಹೊಸ ಪಾಠ.

ಊರಿನಿಂದ ಅವಳ ಅಣ್ಣ ಬರುವವನಿದ್ದ. ಯಾವತ್ತೆಂದು ಪತ್ರದಲ್ಲಿ ಬರೆದಿರಲಿಲ್ಲ. ಅಷ್ಟರಲ್ಲಿ ಅಪ್ಪ ಹೋಟೆಲು ಮುಚ್ಚಿ ನಮ್ಮನ್ನು ತ್ರ್ಯಂಬಕಕ್ಕೆ ಕರೆದೊಯ್ದರು. ಎರಡು ದಿನ ಕಳೆದು ಮರಳಿದಾಗ ಕಾಕು ಅಂಗಳದಿಂದಲೇ ಹೇಳಿದರು, "ವಹಿನಿ, ತುಮಚ್ಯಾಕಡೆ ಪಾರವಾ ಆಲಾ."

ಅಮ್ಮನ ಕೈಚೀಲ ಕೆಳಗೆ ಬಿತ್ತು. "ಅಣ್ಣ ಮೊನ್ನೆಯೇ ಬಂದಿದ್ದನಂತೆ ಮಾರಾಯ್ರೆ. ಬೀಗ ನೋಡಿ ಎಲ್ಲಿಗೆ ಹೋದನೋ," ಎಂದು ಅಳಲು ಶುರುಮಾಡಿದಳು.

ಕಾಕುವಿನ ಮಾತು ಕೇಳಿಸದಷ್ಟು ಹಿಂದಿದ್ದ ಅಪ್ಪ ಅಮ್ಮನನ್ನೇ ನಂಬಿ ಸೈಕಲ್ ಹತ್ತಿ ಧರ್ಮಶಾಲೆಗಳಲ್ಲೆಲ್ಲ ಹುಡುಕಲು ಹೊರಟರು. ಇದೇನು ಗೋಳೆಂದು ತಿಳಿಯದ ಕಾಕು, ಅಮ್ಮನ ಕೈ ಹಿಡಿದು ನಮ್ಮ ಅಡುಗೆಮನೆಯ ಕಿಟಕಿಗೆ ಎಳೆದೊಯ್ದರು. ಅಲ್ಲಿ ಒಣಗಲಿಟ್ಟಿದ್ದ ಇಡ್ಲಿ ತಟ್ಟೆಯ ಗುಳಿಯಲ್ಲಿ ಮೊಟ್ಟೆಯಿಟ್ಟು ಒಂದು ಪಾರಿವಾಳ ಕೂತಿತ್ತು.

"ಪಾರವಾ," ಎಂದು ಕಾಕು ಬೆರಳು ತೋರಿಸಿದರು.

ಅಮ್ಮ ನಕ್ಕು ನಕ್ಕು ನೆಲಕ್ಕೇ ಕೂತಳು. ಬೆವರು ಸುರಿಸುತ್ತಾ ಮರಳಿದ ಅಪ್ಪನಿಗೆ ಹೇಳಿದಳು, "ಅಣ್ಣ ಸಿಕ್ಕಿದ. ಮೊಟ್ಟೆ ಇಟ್ಟು ಕೂತಿದ್ದಾನೆ."

ಅಂದಿನಿಂದ ನಮ್ಮಲ್ಲಿ ಪಾರಿವಾಳಕ್ಕೆಲ್ಲ ಮಾವ ಎಂದೇ ಹೆಸರು. ಮರುವಾರ ಬಂದ ನಿಜವಾದ ಮಾವನಿಗೆ ಮಾತ್ರ ಯಾರೂ ಕಾರಣ ಹೇಳಲಿಲ್ಲ.

ಇವತ್ತು ಒಳಗಿನಿಂದ ಸೊಸೆ ಕೇಳಿದಳು, "ಅತ್ತೆ, ಯಾರು ಬಂದ್ರು?"

"ಮಾವ," ಅಂದೆ, ಅಭ್ಯಾಸಬಲ.

ವಾಕಿಂಗ್ ಹೋದ ನಮ್ಮ ಯಜಮಾನರು ಮರಳಿದರೆಂದು ಅವಳು ಚಹಾಕ್ಕಿಟ್ಟಳು.